ಕುಂಡದ ದಾಸವಾಳ ಸೊರಗಿದೆಯೇ?



ಊರಿನಿಂದ ತಂದು ನೆಟ್ಟ ದಾಸವಾಳದ ಟೊಂಗೆ ನಿಮ್ಮ ಬಾಲ್ಕನಿಯಲ್ಲಿ ಬೇರೂರಿ, ಎರಡು ವರ್ಷ ದೇವರಿಗೆ ಹೂ ಕೊಟ್ಟು, ಈಗ ಎಲೆ ಉದುರಿಸಿ ಬೋಳಾಗಿದೆಯೇ? ನರ್ಸರಿಯಲ್ಲಿ ಹೊಸ ಗಿಡ ಸಿಕ್ಕೀತು, ಅಜ್ಜಿಯ ಹಿತ್ತಲಿನ ಗಿಡ ಸಿಗುವುದಿಲ್ಲ. ಕಿತ್ತೆಸೆಯುವ ಮೊದಲು ಕೊಂಬೆಯ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ಕಂದಾಗಿದ್ದರೆ ಕೆರೆಯುತ್ತಾ ಕೆಳಗೆ ಬನ್ನಿ. ಬುಡದಲ್ಲಿ ಹಸಿರು ಕಂಡರೂ ಆಸೆಯಿದೆ.

ಇನ್ನು ರೋಗ ಯಾವುದು? ಎಲೆಯನ್ನೇ ಕೇಳಿ.

ಎಲೆ ಹಳದಿಯಾಗಿ ಉದುರುತ್ತಿದೆ, ಮಣ್ಣು ಸದಾ ಒದ್ದೆ: ನೀರು ಹೆಚ್ಚಾಗಿದೆ. ಬಾಡಿದೆಯೆಂದು ಮತ್ತೆ ನೀರೆರೆದರೆ ಬೇರು ಇನ್ನಷ್ಟು ಕೊಳೆಯುತ್ತದೆ. ಬೆರಳನ್ನು ಒಂದಿಂಚು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು ಕೊಡಿ. ಕುಂಡದ ತಳದ ತೂತು ಕಟ್ಟಿಕೊಂಡಿದ್ದರೆ ಬಿಡಿಸಿ.

ಚಿಗುರೆಲೆ ಹಳದಿ, ನರಗಳು ಮಾತ್ರ ಹಸಿರು: ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಹಾಕುತ್ತಾ ಹೋದರೆ ಮಣ್ಣು ಕ್ಷಾರವಾಗಿ, ಇರುವ ಕಬ್ಬಿಣವೂ ಬೇರಿಗೆ ದಕ್ಕುವುದಿಲ್ಲ. ನರ್ಸರಿಯ ಚಿಲೇಟೆಡ್ ಐರನ್ ಪುಡಿಯನ್ನು ಪೊಟ್ಟಣದ ಮೇಲಿರುವ ಅಳತೆಯಂತೆ ಕೊಡಿ.

ಎಲೆಯಡಿ ಹತ್ತಿಯಂಥ ಬಿಳುಪು, ಕಾಂಡದ ಮೇಲೆ ಇರುವೆ ಸಾಲು: ಇದು ಹಿಟ್ಟು ತಿಗಣೆ. ಅದು ಸುರಿಸುವ ಸಿಹಿ ಅಂಟಿನಾಸೆಗೆ ಇರುವೆಗಳು ಅದಕ್ಕೆ ಕಾವಲು ನಿಲ್ಲುತ್ತವೆ. ಜೋರಾಗಿ ನೀರು ಹಾಯಿಸಿ ತೊಳೆಯಿರಿ. ನಂತರ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರವ ಬೆರೆಸಿ, ಸಂಜೆ ಹೊತ್ತು ಎಲೆಯಡಿಗೂ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಬೇಕು.

ಮೊಗ್ಗು ಅರಳದೇ ಉದುರುತ್ತಿದ್ದರೆ ಒಂದನ್ನು ಬಿಡಿಸಿ ನೋಡಿ. ಹುಳುವಿದ್ದರೆ ಬಿದ್ದ ಮೊಗ್ಗುಗಳನ್ನೆಲ್ಲ ಆಯ್ದು, ಚೀಲದಲ್ಲಿ ಕಟ್ಟಿ ಎಸೆಯಿರಿ. ಹುಳುವಿಲ್ಲದಿದ್ದರೆ ಬಿಸಿಲು ಸಾಲದಿರಬಹುದು, ಇಲ್ಲವೇ ಒಂದು ದಿನ ನೀರು, ನಾಲ್ಕು ದಿನ ಉಪವಾಸ ಆಗಿರಬಹುದು. ದಾಸವಾಳಕ್ಕೆ ದಿನಕ್ಕೆ ಐದಾರು ತಾಸು ಬಿಸಿಲು ಬೇಕು.

ಒಣಗಿದ್ದನ್ನೆಲ್ಲ ಹಸಿರು ಕಾಣುವವರೆಗೆ ಕತ್ತರಿಸಿ. ಹೂ ಬಿಡುವುದು ಹೊಸ ಚಿಗುರಿನಲ್ಲೇ, ಹೆದರಬೇಡಿ. ದೆಹಲಿಯವರು ಮಾತ್ರ ಚಳಿ ಕಳೆಯುವವರೆಗೆ ಕಾಯಿರಿ. ಚಿಗುರು ಕಾಣುವ ತನಕ ಗೊಬ್ಬರ ಬೇಡ. ಜ್ವರ ಬಂದವರಿಗೆ ಹೋಳಿಗೆ ಊಟ ಬಡಿಸಿದಂತಾದೀತು.

ಇನ್ನೊಂದು ಮಾತು. ಹುಳುವಿಲ್ಲದ ಒಂದೆರಡು ಹಸಿರು ಟೊಂಗೆಗಳನ್ನು ಐದಾರು ಇಂಚಿಗೆ ಕತ್ತರಿಸಿ, ಬೇರೆ ಕುಂಡದಲ್ಲಿ ನೆರಳಿಗಿಡಿ. ತಾಯಿ ಗಿಡ ಉಳಿಯದಿದ್ದರೂ ತಳಿ ಉಳಿದೀತು. ಎರಡೂ ಉಳಿದರೆ, ಒಂದನ್ನು ಪಕ್ಕದ ಮನೆಯವರಿಗೆ ಕೊಡಿ.