ಕನ್ನಂಬಾಡಿ ಕಟ್ಟೆ ಸುತ್ತ ಸೈಕಲ್ ದಾರಿ

"ಕನ್ನಂಬಾಡಿ ಕಟ್ಟೆ ನೋಡಿದ್ದೀರಾ?"

ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ಹೀಗೆ ಕೇಳಿದೆ.

"ಓ, ನೋಡಿದ್ದೀವಿ ಮೇಷ್ಟ್ರೇ" ಅಂದರು ಎಲ್ಲರೂ. ಬೃಂದಾವನದ ಕಾರಂಜಿ, ಬಣ್ಣದ ದೀಪ ಎಲ್ಲಾ ಅವರಿಗೆ ನೆನಪಿತ್ತು.

"ಕಟ್ಟೆ ಹಿಂದೆ ಏನಿದೆ?"

"ನೀರದೆ."

"ನೀರಿನ ಆಚೆ?"

ಯಾರೂ ಮಾತಾಡಲಿಲ್ಲ. ನಾವು ನೋಡಿದ್ದು ಕಟ್ಟೆಯ ಮುಂದಿನ ಮುಖ ಮಾತ್ರ. ಹಿಂದಿನ ಮುಖ ನೋಡಲು ಸುತ್ತ ಹೋಗಬೇಕು. ಅದಕ್ಕೆ ಕಾರು ಬೇಡ, ಸೈಕಲ್ ಸಾಕು. ಹೇಗೆ ಹೋಗುವುದು? ಬನ್ನಿ, ತಿಳಿಯೋಣ.

ಕಟ್ಟೆಯ ಕತೆ

ಕಟ್ಟೆಯ ಹೆಸರು ಕೃಷ್ಣರಾಜ ಸಾಗರ. ಜನ ಕೆಆರ್‌ಎಸ್ ಅಂತಾರೆ. ಹಳಬರು ಕನ್ನಂಬಾಡಿ ಕಟ್ಟೆ ಅಂತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರು ಮಹಾರಾಜರಾಗಿದ್ದಾಗ, 1911ರಲ್ಲಿ ಕೆಲಸ ಶುರುವಾಯಿತು. ಆಗ ಸರ್ ಎಂ. ವಿಶ್ವೇಶ್ವರಯ್ಯ ಮುಖ್ಯ ಎಂಜಿನಿಯರ್ ಆಗಿದ್ದರು. ಕೆಲಸ ಮುಗಿಯಲು ಸುಮಾರು 20 ವರ್ಷ ಹಿಡಿಯಿತು. ಕಲ್ಲು ಮತ್ತು ಸುರ್ಕಿ ಗಾರೆಯಿಂದ ಕಟ್ಟಿದ ಕಟ್ಟೆ ಇದು. ಉದ್ದ ಎರಡೂವರೆ ಕಿಲೋಮೀಟರಿಗೂ ಹೆಚ್ಚು. ತುಂಬಿದಾಗ ನೀರಿನ ಮಟ್ಟ 124.80 ಅಡಿ.

ಈ ನೀರಿನಿಂದ ಮಂಡ್ಯ ಸೀಮೆ ಹಸಿರಾಯಿತು. ಬತ್ತ ಬಂತು, ಕಬ್ಬು ಬಂತು. ಆದರೆ ಕನ್ನಂಬಾಡಿ ಊರು ಮುಳುಗಿತು. ಅದರ ಜೊತೆ ಇನ್ನೂ ಹಲವು ಹಳ್ಳಿ ಮುಳುಗಿದವು. ಅಲ್ಲಿನ ಜನ ಮನೆ ಬಿಟ್ಟರು, ಹೊಲ ಬಿಟ್ಟರು. ನಮ್ಮ ತಟ್ಟೆಯ ಅನ್ನದಲ್ಲಿ ಅವರ ಪಾಲೂ ಇದೆ. ಸುತ್ತ ಹೋಗುವವರು ಇದನ್ನು ಮರೆಯಬಾರದು.

ದಾರಿ ಯಾಕೆ ಅಷ್ಟು ಸುತ್ತು?

ಕೆರೆ ಆದರೆ ಏರಿ ಮೇಲೆ, ದಡದ ಮೇಲೆ ಒಂದು ಸುತ್ತು ಬರಬಹುದು. ಇಲ್ಲಿ ಹಾಗಲ್ಲ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ, ಈ ಮೂರು ಹೊಳೆ ಇಲ್ಲಿ ಸೇರುತ್ತವೆ. ಮೂರು ಹೊಳೆಯ ಕಣಿವೆಯಲ್ಲೂ ನೀರು ಹಿಂದಕ್ಕೆ ಚಾಚಿಕೊಂಡಿದೆ. ಅಂಗೈ ಇಟ್ಟು ಬೆರಳು ಬಿಡಿಸಿ ನೋಡಿ. ಅಂಗೈ ಕಟ್ಟೆಯ ಹತ್ತಿರದ ನೀರು. ಬೆರಳುಗಳು ಹೊಳೆಗಳು. ಸುತ್ತ ಹೋಗಬೇಕಾದರೆ ಒಂದೊಂದು ಬೆರಳನ್ನೂ ಸೇತುವೆ ಇರುವ ಕಡೆ ದಾಟಬೇಕು. ಕೊನೆಗೆ ಕಟ್ಟೆಯ ಕೆಳಗೆ ಕಾವೇರಿಯನ್ನು ಇನ್ನೊಂದು ಸಲ ದಾಟಬೇಕು. ಹಾಗಾಗಿ ಆಚೆ ದಡದ ಊರು ಕಣ್ಣಿಗೆ ಹತ್ತಿರ, ಕಾಲಿಗೆ ದೂರ.

ಮೂರು ದಾರಿಗಳು

1. ಸಣ್ಣ ದಾರಿ. ಶ್ರೀರಂಗಪಟ್ಟಣದಿಂದ ಪಾಲಹಳ್ಳಿ, ಬೆಳಗೊಳದ ಕಡೆಯಿಂದ ಕೆಆರ್‌ಎಸ್‌ಗೆ ಹೋಗುವುದು. ನಡುವೆ ರಂಗನತಿಟ್ಟು ಸಿಗುತ್ತದೆ. 1940ರಲ್ಲಿ ಅದು ಪಕ್ಷಿಧಾಮ ಆಯಿತು. ಪಕ್ಷಿ ತಜ್ಞ ಸಲೀಂ ಅಲಿ ಅವರ ಸಲಹೆಯಿಂದ ಆದ ಕೆಲಸ ಅದು. ಅಲ್ಲಿನ ಹೊಳೆಯಲ್ಲಿ ಮೊಸಳೆಗಳೂ ಇವೆ. ದಾರಿ ಬಹಳ ಕಡೆ ಸಮತಟ್ಟು. ಪಕ್ಕದಲ್ಲಿ ನಾಲೆ, ಗದ್ದೆ. ಹೊಸದಾಗಿ ಸೈಕಲ್ ಕಲಿತವರಿಗೆ ಇದು ಒಳ್ಳೆಯದು.

2. ನಡು ದಾರಿ. ಮೈಸೂರಿನಿಂದ ಇಲವಾಲಕ್ಕೆ ಹೋಗಿ, ಅಲ್ಲಿಂದ ಸಾಗರಕಟ್ಟೆಗೆ ಹೋಗುವುದು. ಸಾಗರಕಟ್ಟೆ ಸೇತುವೆ ಮೇಲೆ ನಿಂತರೆ ಎರಡೂ ಕಡೆ ಹಿನ್ನೀರು. ಪಕ್ಕದಲ್ಲೇ ರೈಲು ಸೇತುವೆ. ಹೋದ ದಾರಿಯಲ್ಲೇ ವಾಪಸ್ ಬಂದರೆ ಒಂದು ದಿನದ ಪ್ರವಾಸ. ಮೈಸೂರು-ಇಲವಾಲದ ನಡುವೆ ದೊಡ್ಡ ಗಾಡಿಗಳ ಓಡಾಟ ಹೆಚ್ಚು. ಎಡಗಡೆ ಅಂಚಿನಲ್ಲೇ ಹೋಗಬೇಕು.

3. ಪೂರಾ ಸುತ್ತು. ಸಾಗರಕಟ್ಟೆಯಿಂದ ಮುಂದೆ ಕೃಷ್ಣರಾಜನಗರ. ಆಮೇಲೆ ಹೇಮಾವತಿ ದಡದ ಅಕ್ಕಿಹೆಬ್ಬಾಳು. ಅಲ್ಲಿಂದ ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆ, ಪಾಂಡವಪುರ ತಾಲ್ಲೂಕಿನ ಚಿನಕುರಳಿ ಕಡೆಯಿಂದ ಕಟ್ಟೆಗೆ ಬರುವುದು. ಇದಕ್ಕೆ ಎರಡು ದಿನ ಇಟ್ಟುಕೊಳ್ಳಿ. ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಅಂಬಿಗರಹಳ್ಳಿ ಹತ್ತಿರ ತ್ರಿವೇಣಿ ಸಂಗಮ. 2022ರ ಅಕ್ಟೋಬರಿನಲ್ಲಿ ಅಲ್ಲಿ ಕುಂಭಮೇಳ ನಡೆದಿತ್ತು. ಕೊನೆಗೆ ಸಿಗುವುದು ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ. ಈ ಗುಡಿ ಮೊದಲು ಹಳೇ ಕನ್ನಂಬಾಡಿಯಲ್ಲಿತ್ತು. ಕಟ್ಟೆ ಆದ ಮೇಲೆ ಮುಳುಗಿತ್ತು. ಅದರ ಕಲ್ಲುಗಳನ್ನು ಬಿಚ್ಚಿ ತಂದು, ಎತ್ತರದ ಜಾಗದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಗುಡಿಯ ಮುಂದೆ ನಿಂತು ನೀರು ನೋಡಿ. ಹಳೇ ಊರು ಆ ನೀರಿನ ಅಡಿ ಇದೆ.

ಒಂದು ಮಾತು ನೆನಪಿಡಿ. ಕಟ್ಟೆಯ ಮೇಲೆ ಸೈಕಲ್ ಓಡಿಸುವ ಹಾಗಿಲ್ಲ. ಅಲ್ಲಿ ಕಾವಲಿದೆ. ಕೆಳಗಿನ ಸೇತುವೆ ದಾರಿಯಲ್ಲೇ ಹೋಗಬೇಕು.

ನೀರು ಜಾಗ ಬದಲಾಯಿಸುತ್ತದೆ

ಇದನ್ನು ನಾನು ಕಲಿತದ್ದು ತಪ್ಪು ಮಾಡಿ.

ಒಂದು ಬೇಸಿಗೆಯಲ್ಲಿ ಹಿನ್ನೀರಿನ ಹತ್ತಿರ ಒಂದು ಗಾಡಿದಾರಿ ನೋಡಿದ್ದೆ. ಆಗ ನೀರು ಬಹಳ ಹಿಂದೆ ಸರಿದಿತ್ತು. ನೆಲ ಗಟ್ಟಿಯಾಗಿತ್ತು. ದನ ಮೇಯುತ್ತಿದ್ದವು. ಮಳೆಗಾಲ ಕಳೆದ ಮೇಲೆ ಕೇಂದ್ರದ ನಾಲ್ಕು ಜನರನ್ನು ಕರಕೊಂಡು ಸೈಕಲ್ಲಿನಲ್ಲಿ ಹೊರಟೆ. "ನನಗೆ ಒಳದಾರಿ ಗೊತ್ತು" ಅಂತ ಮುಂದೆ ನಾನೇ ಹೋದೆ. ದಾರಿ ಪಕ್ಕ ಒಂದು ಬೋರ್ಡ್ ಇತ್ತು. ನಾನು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಹಿಂದಿನಿಂದ ಒಬ್ಬ ಅಕ್ಕ ಕೂಗಿದರು. "ಮೇಷ್ಟ್ರೇ, ನಿಂತ್ಕಳಿ! ಏನೋ ಬರ್ದವ್ರೆ!"

ಅವರು ಸೈಕಲ್ ನಿಲ್ಲಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಅ... ಪಾ... ಯ. ನೀರಿಗೆ ಇಳಿಯಬೇಡಿ."

ನಾನು ಬ್ರೇಕ್ ಹಿಡಿದೆ. ಮುಂದಿನ ಚಕ್ರ ಆಗಲೇ ಕೆಸರಿನಲ್ಲಿ ಅರ್ಧ ಹೂತಿತ್ತು. ನಾಲ್ಕು ಮಾರು ಮುಂದೆ ದಾರಿ ನೀರೊಳಗೆ ಹೋಗಿತ್ತು. ಎಲ್ಲರೂ ಸೇರಿ ಸೈಕಲ್ ಎಳೆದರು. ಓದು ಹೇಳಿಕೊಟ್ಟವನು ನಾನು. ಓದಿ ಉಳಿಸಿದವರು ಅವರು. ಆ ಅಕ್ಕ ನಗುತ್ತಾ, "ನೀವೇ ಹೇಳ್ಕೊಟ್ರಲ್ಲ ಮೇಷ್ಟ್ರೇ, ಕಂಡದ್ದೆಲ್ಲಾ ಓದ್ಬೇಕು ಅಂತ" ಅಂದರು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಬೇಸಿಗೆಯ ದಾರಿ ಮಳೆಗಾಲದಲ್ಲಿ ದಾರಿಯಲ್ಲ. ಹಿನ್ನೀರು ಏರುತ್ತದೆ, ಇಳಿಯುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಅಡಿಯಲ್ಲಿ ಹೂಳು ಇರುತ್ತದೆ. ಡಾಂಬರು ರಸ್ತೆ ಬಿಡಬೇಡಿ. ಬಿಡಲೇಬೇಕಾದರೆ ಊರಿನವರನ್ನು ಕೇಳಿ. ಕಟ್ಟೆಯ ಕೆಳಗಡೆಯೂ ಹುಷಾರು. ಗೇಟ್ ತೆಗೆದಾಗ ಹೊಳೆ ಬೇಗ ಏರುತ್ತದೆ. ಬಲಮುರಿ, ಎಡಮುರಿಯಲ್ಲಿ ನೀರಿಗೆ ಇಳಿದು ಜೀವ ಕಳೆದುಕೊಂಡವರು ಇದ್ದಾರೆ.

ರಸ್ತೆ ಕಲ್ಲು ಓದಿ

ದಾರಿ ಬದಿಯ ಕಿಲೋಮೀಟರ್ ಕಲ್ಲು ನಿಮ್ಮ ಗೆಳೆಯ. ಅದರ ತಲೆಯ ಬಣ್ಣ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಿತ್ತಳೆ ಬಣ್ಣ ಇದ್ದರೆ ಹಳ್ಳಿ ರಸ್ತೆ. ಹಳ್ಳಿ ರಸ್ತೆ ಸೈಕಲ್ಲಿಗೆ ಹಿತ. ಕಲ್ಲಿನ ಮೇಲೆ ಊರಿನ ಹೆಸರು, ಪಕ್ಕದಲ್ಲಿ ದೂರ ಇರುತ್ತದೆ. ನಿಧಾನವಾಗಿ ತುಳಿದರೆ ಗಂಟೆಗೆ 10 ಕಿಲೋಮೀಟರ್ ಹೋಗಬಹುದು. ಕಲ್ಲಿನ ಮೇಲೆ 20 ಇದ್ದರೆ ಇನ್ನೂ 2 ಗಂಟೆ ಬೇಕು. ಕತ್ತಲೆಗೆ ಮುಂಚೆ ಮುಟ್ಟುತ್ತೇವೋ ಇಲ್ಲವೋ, ಈ ಲೆಕ್ಕ ಹೇಳುತ್ತದೆ.

ಹೊರಡುವ ಮುಂಚೆ

ಎರಡೂ ಚಕ್ರಕ್ಕೆ ಗಾಳಿ ಹೊಡೆಸಿ. ಬ್ರೇಕ್, ಬೆಲ್ ನೋಡಿ. ಚೈನಿಗೆ ಎಣ್ಣೆ ಬಿಡಿ. ಕುಡಿಯುವ ನೀರು, ಬುತ್ತಿ ಕಟ್ಟಿಕೊಳ್ಳಿ. ಬೆಳಿಗ್ಗೆ ಬೇಗ ಹೊರಡಿ. ಒಬ್ಬರೇ ಹೋಗಬೇಡಿ. ಯಾವ ದಾರಿ, ಯಾವಾಗ ವಾಪಸ್ ಅಂತ ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿ ಇಡಿ. ಈಗ ನಿಮಗೆ ಬರೆಯಲು ಬರುತ್ತದಲ್ಲ!

"ನಮಗೆಲ್ಲಿ ಸೈಕಲ್ಲು, ನಾವು ಹೆಂಗಸರು" ಅನ್ನುತ್ತೀರಾ? 1990ರ ದಶಕದ ಶುರುವಿನಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಅಕ್ಷರ ಕಲಿಕೆಯ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತರು. ನಮ್ಮ ರಾಜ್ಯದಲ್ಲೂ 2006ರಿಂದ ಹಲವು ವರ್ಷ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಆ ಸೈಕಲ್ ಮನೆ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದರೆ ಈಚೆಗೆ ತೆಗೆಯಿರಿ. ಮಗಳನ್ನೇ ಕೇಳಿ, ಅವಳೇ ಕಲಿಸುತ್ತಾಳೆ.

ಅಕ್ಷರವೂ ಸೈಕಲ್ಲೂ ಒಂದೇ ಥರ. ಮೊದಲು ಭಯ. ಆಮೇಲೆ ಬೀಳುವುದು, ಏಳುವುದು. ಬಂದ ಮೇಲೆ ಮರೆಯುವುದಿಲ್ಲ.

ಮಾತಾಡಿ, ಬರೆಯಿರಿ

1. ಕಟ್ಟೆಗೆ ಸೇರುವ ಮೂರು ಹೊಳೆ ಯಾವುವು?
2. ಬೇಸಿಗೆಯ ದಾರಿ ಮಳೆಗಾಲದಲ್ಲಿ ಯಾಕೆ ಅಪಾಯ?
3. ಕಲ್ಲಿನ ಮೇಲೆ 15 ಇದೆ. ಗಂಟೆಗೆ 10 ಕಿಲೋಮೀಟರ್ ಹೋದರೆ ಎಷ್ಟು ಹೊತ್ತು ಬೇಕು?
4. ನಿಮ್ಮೂರಿನಿಂದ ಸೈಕಲ್ಲಿನಲ್ಲಿ ಹೋಗಬಹುದಾದ ಒಂದು ಕೆರೆ ಅಥವಾ ಕಟ್ಟೆಯ ದಾರಿ ಬರೆಯಿರಿ. ನಡುವೆ ಬರುವ ಊರುಗಳ ಹೆಸರೂ ಇರಲಿ.