ಡಾಲರ್ ಖಾತೆಯ ಬಡ್ಡಿ: ಕಿರ್ದಿಯಲ್ಲಿ ಬರೆಯುವ ಕ್ರಮ

ಅಡಿಕೆಯ ಹಣ ಬಹುಪಾಲು ರೂಪಾಯಿಯಲ್ಲೇ ಬರುತ್ತದೆ. ಕಾಫಿಯ ಮಾತು ಬೇರೆ. ದೇಶದಲ್ಲಿ ಬೆಳೆದುದರ ಬಹುಭಾಗ ಹೊರದೇಶಕ್ಕೆ ಹೋಗುತ್ತದೆ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಷ್ಟು ಕಾಲ ಡಾಲರಿನ ಗೊಡವೆ ಬೆಳೆಗಾರನಿಗೆ ಇರಲಿಲ್ಲ. ಮಂಡಳಿ ಮಾರುತ್ತಿತ್ತು, ಬೆಳೆಗಾರನಿಗೆ ಕಂತುಕಂತಾಗಿ ರೂಪಾಯಿ ಬರುತ್ತಿತ್ತು. 1996ರಲ್ಲಿ ಪೂಲ್ ಪೂರ್ಣವಾಗಿ ಕೊನೆಗೊಂಡ ಮೇಲೆ ಸಣ್ಣ ಬೆಳೆಗಾರರೂ ಗುಂಪುಗೂಡಿ ನೇರವಾಗಿ ರಫ್ತು ಮಾಡಲು ದಾರಿಯಾಯಿತು.

ಬಯಲುಸೀಮೆಯಲ್ಲೂ ಈಗ ಇದೇ ಪರಿಸ್ಥಿತಿ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿಯ ಸೀಮೆ. 2006ರಲ್ಲಿ ನಿಷೇಧಗೊಂಡ ತೊಗರಿ ರಫ್ತಿಗೆ 2017ರಲ್ಲಿ ಮತ್ತೆ ಅನುಮತಿ ದೊರೆಯಿತು. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕವೂ ಸಿಕ್ಕಿತು. ಬೆಳೆ ಕಾಫಿಯಾಗಲಿ ತೊಗರಿಯಾಗಲಿ, ಡಾಲರ್ ಬಂದ ಮೇಲೆ ಬರೆಯುವ ಲೆಕ್ಕ ಒಂದೇ.

ಈ ಲೆಕ್ಕದಲ್ಲಿ ಮೂರು ಬಾಬುಗಳನ್ನು ಬೆರೆಸಬಾರದು: ಮಾಲಿನ ಬೆಲೆ, ವಿನಿಮಯ ದರದ ವ್ಯತ್ಯಾಸ ಮತ್ತು ಬಡ್ಡಿ.

ಮೊದಲು ಖಾತೆಯ ಸ್ವರೂಪ ತಿಳಿಯಬೇಕು. ರಫ್ತುದಾರರು ನಮ್ಮ ದೇಶದ ಬ್ಯಾಂಕಿನಲ್ಲೇ ಡಾಲರ್ ಇಟ್ಟುಕೊಳ್ಳುವ ಖಾತೆಗೆ ಇ.ಇ.ಎಫ್.ಸಿ. ಖಾತೆ ಎನ್ನುತ್ತಾರೆ. ಇದು 1992ರಲ್ಲಿ ಬಂತು. ನಡುವೆ ಸ್ವಲ್ಪ ಕಾಲ ಇದಕ್ಕೆ ಮಿತವಾಗಿ ಬಡ್ಡಿ ಕೊಡಲು ಅವಕಾಶವಿತ್ತಾದರೂ, 2008ರ ನವೆಂಬರ್ 1ರಿಂದ ಇದು ಬಡ್ಡಿಯಿಲ್ಲದ ಚಾಲ್ತಿ ಖಾತೆ. ಒಂದು ತಿಂಗಳಲ್ಲಿ ಜಮೆಯಾದ ಡಾಲರನ್ನು, ಒಪ್ಪಿತ ಪಾವತಿಗಳಿಗೆ ಬೇಕಾದಷ್ಟನ್ನು ಬಿಟ್ಟು, ಮುಂದಿನ ತಿಂಗಳ ಕೊನೆಯೊಳಗೆ ರೂಪಾಯಿಗೆ ಬದಲಾಯಿಸಲೇಬೇಕು. ಆದ್ದರಿಂದ ಈ ಖಾತೆಯ ರೂಪಾಯಿ ಮೌಲ್ಯ ಹೆಚ್ಚಿದ್ದು ಕಂಡರೆ ಅದು ಬಡ್ಡಿಯಲ್ಲ, ದರದ ಏರಿಳಿತ.

ಉದಾಹರಣೆಗೆ, ಜೇವರ್ಗಿಯ ಒಂದು ಬೆಳೆಗಾರರ ಗುಂಪು ಫೆಬ್ರವರಿಯಲ್ಲಿ 10,000 ಡಾಲರಿನ ಮಾಲು ಕಳಿಸಿತೆಂದು ಇಟ್ಟುಕೊಳ್ಳೋಣ. ದರಗಳು ತಿಳಿವಳಿಕೆಗಾಗಿ ಮಾತ್ರ.

ಬಿಲ್ಲಿನ ದಿನ ದರ 84 ರೂಪಾಯಿ. ಮಾರಾಟ ಖಾತೆಗೆ 8,40,000 ರೂಪಾಯಿ ಜಮೆ.

ಮಾರ್ಚ್ 5ರಂದು ಹಣ ಬಂದಾಗ ದರ 85. ಬ್ಯಾಂಕ್ ಖಾತೆಗೆ 8,50,000. ಹೆಚ್ಚಿನ 10,000 ರೂಪಾಯಿ ವಿನಿಮಯ ವ್ಯತ್ಯಾಸದ ಖಾತೆಗೆ.

ಮಾರ್ಚ್ 20ರಂದು ಅದೇ ದರದಲ್ಲಿ 6,000 ಡಾಲರ್ ಮಾರಾಟ. ರೂಪಾಯಿ ಖಾತೆಗೆ 5,10,000. ವ್ಯತ್ಯಾಸವಿಲ್ಲ.

ಮಾರ್ಚ್ 31ರಂದು ಉಳಿದ 4,000 ಡಾಲರಿಗೆ ದರ 86. ಪುಸ್ತಕದಲ್ಲಿರುವ 3,40,000 ರೂಪಾಯಿಯನ್ನು 3,44,000 ಮಾಡಬೇಕು. ವರ್ಷಾಂತ್ಯದ ದರದಲ್ಲಿ ಬಾಕಿ ತೋರಿಸಬೇಕೆಂಬುದು ಲೆಕ್ಕಪತ್ರ ಮಾನದಂಡ 11ರ ನಿಯಮ. ಈ 4,000 ರೂಪಾಯಿಯೂ ವಿನಿಮಯ ವ್ಯತ್ಯಾಸವೇ.

ಇಲ್ಲೇ ಎಚ್ಚರ ಬೇಕಾದದ್ದು. ಈ 4,000 ರೂಪಾಯಿಯನ್ನು "ಬಡ್ಡಿ ಬಂದಿದೆ" ಎಂದು ಬರೆದು ಸದಸ್ಯರಿಗೆ ಹಂಚಿದರೆ ಏನಾಗುತ್ತದೆ? ಏಪ್ರಿಲ್ ಕೊನೆಯೊಳಗೆ ಆ ಡಾಲರ್ ಮಾರಲೇಬೇಕು. ಆ ದಿನ ದರ 84ಕ್ಕೆ ಇಳಿದಿದ್ದರೆ ಕೈಗೆ ಬರುವುದು 3,36,000. ಪುಸ್ತಕಕ್ಕಿಂತ 8,000 ಕಡಿಮೆ. ಹಂಚಿದ ಹಣ ಹಿಂದಕ್ಕೆ ಬಾರದು. ಮುಂದಿನ ವರ್ಷ ಮಾಲು ತರುವ ಸದಸ್ಯರು ಆ ಕೊರತೆ ತುಂಬಬೇಕಾಗುತ್ತದೆ. ಕಾಗದದ ಮೇಲಿನ ಹೆಚ್ಚಳವನ್ನು ಡಾಲರ್ ಮಾರುವ ತನಕ ಹಂಚದಿರುವುದೇ ಕ್ಷೇಮ.

ಹಾಗಾದರೆ ನಿಜವಾದ ಬಡ್ಡಿ ಎಲ್ಲಿಂದ ಬರುತ್ತದೆ? ಎರಡು ಕಡೆಯಿಂದ.

ಒಂದು, ಡಾಲರನ್ನು ರೂಪಾಯಿ ಮಾಡಿ ಮುದ್ದತಿ ಠೇವಣಿ ಇಟ್ಟಾಗ. ಬ್ಯಾಂಕು 60,000 ರೂಪಾಯಿ ಬಡ್ಡಿಯಲ್ಲಿ 6,000 ತೆರಿಗೆ ಹಿಡಿದು 54,000 ಜಮೆ ಮಾಡಿದರೆ, ಬಡ್ಡಿ ಖಾತೆಗೆ ಬರೆಯಬೇಕಾದದ್ದು 60,000. ಹಿಡಿದ 6,000 ತೆರಿಗೆ ಖಾತೆಗೆ. ಬರಿಯ 54,000 ಬರೆದರೆ ಆದಾಯ ಕಡಿಮೆ ತೋರಿಸಿದಂತಾಗುತ್ತದೆ. ಹಿಡಿದ ತೆರಿಗೆಯನ್ನು ಕೇಳಿ ಪಡೆಯುವುದೂ ಮರೆತುಹೋಗುತ್ತದೆ.

ಎರಡು, ಹೊರದೇಶದ ಬ್ಯಾಂಕಿನಲ್ಲಿ ಖಾತೆ ಇದ್ದಾಗ. ರಫ್ತುದಾರರು ಇಂಥ ಖಾತೆ ಇಡಲು ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ಅವಕಾಶ ಕೊಟ್ಟಿತು. ಆ ಹಣವನ್ನು ತರಲು ಕಾಲಮಿತಿ ಇದೆ. ಅಲ್ಲಿ ಮಾರ್ಚ್ 31ರವರೆಗಿನ ಬಡ್ಡಿ 12 ಡಾಲರ್ ಆಗಿ, ಏಪ್ರಿಲ್ 3ರಂದು ಜಮೆಯಾಯಿತೆನ್ನಿ. ಬಡ್ಡಿ ಸೇರಿದ ವರ್ಷ ಹಿಂದಿನದೇ. ಮಾರ್ಚ್ 31ರ ದರ 86ರಂತೆ 1,032 ರೂಪಾಯಿಯನ್ನು "ಬರಬೇಕಾದ ಬಡ್ಡಿ" ಎಂದು ಬರೆಯಬೇಕು. ಜಮೆಯಾದ ದಿನ ದರ 85 ಇದ್ದರೆ ಬಂದದ್ದು 1,020. ಕೊರೆಬಿದ್ದ 12 ರೂಪಾಯಿ ವಿನಿಮಯ ನಷ್ಟ, ಬಡ್ಡಿಯನ್ನು ತಿದ್ದಬಾರದು.

ತೆರಿಗೆಯ ದೃಷ್ಟಿಯಿಂದಲೂ ಈ ವಿಂಗಡಣೆ ಮುಖ್ಯ. ಬೆಳೆಗಾರ ಸಂಸ್ಕರಿಸದೆ ಮಾರಿದ ಕಾಫಿಯ ವರಮಾನ ಕೃಷಿ ಆದಾಯ. ತಾನೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದರೆ ಅದರ ಶೇಕಡಾ 25, ಹುರಿದು ಪುಡಿಮಾಡಿ ಮಾರಿದರೆ ಶೇಕಡಾ 40 ವ್ಯಾಪಾರದ ಆದಾಯವೆಂದು ಪರಿಗಣಿತವಾಗುತ್ತದೆ. ಬ್ಯಾಂಕಿನ ಬಡ್ಡಿ ಮಾತ್ರ ಎಂದಿಗೂ ಕೃಷಿ ಆದಾಯವಲ್ಲ, ಅಸಲು ತೋಟದಿಂದಲೇ ಬಂದಿದ್ದರೂ ಸರಿ, ತೊಗರಿ ಹೊಲದಿಂದ ಬಂದಿದ್ದರೂ ಸರಿ. ಬಡ್ಡಿಯನ್ನು ಕಾಫಿಯ ಬೆಲೆಯಲ್ಲಿ ಸೇರಿಸಿ ವಿನಾಯಿತಿ ಕೇಳಿದರೆ ನೋಟೀಸು ಬರುವುದು ಖಂಡಿತವೆಂದೇ ತಿಳಿಯಿರಿ. ವಿದೇಶಿ ಹಣದ ಆದಾಯಕ್ಕೆ ಯಾವ ದಿನದ ದರ ಹಿಡಿಯಬೇಕೆಂಬುದಕ್ಕೆ ತೆರಿಗೆ ನಿಯಮಗಳಲ್ಲಿ ಬೇರೆ ಕ್ರಮವಿದೆ. ಅದನ್ನು ಲೆಕ್ಕ ಪರಿಶೋಧಕರಿಂದ ಮಾಡಿಸಿಕೊಳ್ಳುವುದು ಲೇಸು.

ಬೆಳೆಗಾರರು ಮಾಡಬೇಕಾದ್ದು ಇಷ್ಟೆ. ಡಾಲರ್ ಖಾತೆಗೆ ಪ್ರತ್ಯೇಕ ಪುಟ ತೆರೆದು ತಾರೀಖು, ಡಾಲರ್, ದರ, ರೂಪಾಯಿ ಎಂದು ನಾಲ್ಕು ಅಂಕಣ ಹಾಕಿ. ಬ್ಯಾಂಕಿನ ಶುಲ್ಕವನ್ನು ಬೆಲೆಯಲ್ಲಿ ಕಳೆಯದೆ ಖರ್ಚಿಗೆ ಬರೆಯಿರಿ. ಪ್ರತಿ ಜಮೆಯ ಬ್ಯಾಂಕ್ ಚೀಟಿಯನ್ನು ಅದೇ ಪುಟಕ್ಕೆ ಲಗತ್ತಿಸಿ. ತಿಂಗಳಿಗೊಮ್ಮೆ ಡಾಲರ್ ಬಾಕಿಯನ್ನು ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡಿ. ಡಾಲರ್ ಅಂಕಣ ತಾಳೆಯಾಗಿ ರೂಪಾಯಿ ಮಾತ್ರ ಹೊಂದದಿದ್ದರೆ, ದರ ಅಥವಾ ಅದರ ವ್ಯತ್ಯಾಸ ಬರೆದ ಕಡೆ ಮೊದಲು ಹುಡುಕಿ.