‘ಕೊಳ್ಳಿ ಇಡಾಂವ’ ಎಂಬ ಮಾತು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೈತರು ಸುಗ್ಗಿಯ ಬಳಿಕ ಜೋಳದ ಕಣಕಿಯನ್ನು ಬಣವಿಯಾಗಿ ಒಟ್ಟುವರು. ಎತ್ತುಗಳಿಗೆ ಬೇಸಗೆಯ ಆಹಾರವೆಲ್ಲ ಅದರಲ್ಲಿಯೇ. ಅಂಥ ಬಣವಿಯು ಒಂದಿರುಳು ಉರಿದುಹೋದರೆ ಮೊದಲು ಹುಟ್ಟುವ ಪ್ರಶ್ನೆ ‘ಕೊಳ್ಳಿ ಇಟ್ಟವರು ಯಾರು?’ ಎಂಬುದು. ಬೆಂಕಿ ಹಚ್ಚುವವನಿಗೆ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಕೊಳ್ಳಿ ಇಡಾಂವ’ ಎನ್ನುವರು. ಈ ಮಾತಿನ ಹುಟ್ಟನ್ನು ಸ್ವಲ್ಪ ವಿಚಾರಿಸೋಣ.

ಕೊಳ್ಳಿಯೆಂದರೆ ಒಂದು ತುದಿ ಉರಿಯುತ್ತಿರುವ ಕಟ್ಟಿಗೆ. ತಮಿಳು, ಮಲಯಾಳಗಳಲ್ಲಿಯೂ ಇದೇ ಶಬ್ದವಿರುವುದರಿಂದ ಇದು ಬಹು ಹಳೆಯ ದ್ರಾವಿಡ ಪದವೆಂದು ತಿಳಿಯಬಹುದು. ಜಾನ್ ವಾಕರನು ಗೀರುವ ಬೆಂಕಿಕಡ್ಡಿಯನ್ನು ಮಾರಲಾರಂಭಿಸಿದ್ದು 1827ರಲ್ಲಿ. ಅದಕ್ಕೆ ಮೊದಲು ಬೆಂಕಿಯನ್ನು ಚಕಮಕಿಯಿಂದ ಹುಟ್ಟಿಸಬೇಕಾಗಿತ್ತು, ಇಲ್ಲವೆ ಒಲೆಯಿಂದ ಒಲೆಗೆ ಒಯ್ಯಬೇಕಾಗಿತ್ತು. ಒಯ್ಯುವುದಕ್ಕೆ ಕೊಳ್ಳಿಯೇ ಸಾಧನ. ಕಬ್ಬಿಣವು ಕಟ್ಟಿಗೆಗಿಂತ ನೂರಾರು ಪಟ್ಟು ಹೆಚ್ಚು ಉಷ್ಣವಾಹಕ. ಕಟ್ಟಿಗೆಯಾದರೋ ಒಂದು ತುದಿ ಕೆಂಡವಾದರೂ ಮತ್ತೊಂದು ತುದಿಯಲ್ಲಿ ಕೈ ಸುಡದು.

ಹೀಗೆ ಕೊಳ್ಳಿಯೆಂದೊಡನೆ ಅದನ್ನು ಹಿಡಿದ ಕೈಯೊಂದು ನಮ್ಮ ಮನಸ್ಸಿಗೆ ಬರುವುದು. ಚಿತೆಗೆ ಕೊಳ್ಳಿ ಇಡುವವನು ಮಗ. ಚಾಡಿ ಹೇಳಿ ಸಂಸಾರವನ್ನು ಒಡೆಯುವವನು ‘ಮನೆಗೆ ಕೊಳ್ಳಿ ಇಟ್ಟವನು’. ಇರುಳಿನಲ್ಲಿ ದೂರದ ಬೆಳಕು ಕಂಡು, ಹಿಡಿದವರು ಕಾಣದಿದ್ದರೆ, ಜನರು ಕೊಳ್ಳಿದೆವ್ವವನ್ನೇ ಕಲ್ಪಿಸಿಕೊಂಡರು!

ಆದರೆ ಬೆಂಕಿಗೆ ಕೈಯ ಅವಶ್ಯಕತೆಯಿಲ್ಲ. ಉರಿಯುವ ವಸ್ತು, ಆಮ್ಲಜನಕ, ಸಾಕಷ್ಟು ಉಷ್ಣ ಇವು ಮೂರೂ ಕೂಡಿದರೆ ಸಾಕು. ಮೇವನ್ನು ಪೂರ್ಣ ಒಣಗಿಸದೆ ಒಟ್ಟಿದರೆ ಒಳಗಿನ ತೇವದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಶಾಖವನ್ನು ಹುಟ್ಟಿಸುವುವು. ಮೇವು ಉಷ್ಣವನ್ನು ಹೊರಗೆ ಬಿಡದಾದ್ದರಿಂದ ಬಣವಿಯ ಗರ್ಭವು ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬಹುದು. ಅಷ್ಟರಲ್ಲಿ ಹೆಚ್ಚಿನ ಜೀವಿಗಳು ಸಾಯುವುವು. ಆದರೆ ಆಮ್ಲಜನಕದೊಡನೆ ನಡೆಯುವ ರಾಸಾಯನಿಕ ಕ್ರಿಯೆಯು ಕಾವನ್ನು ಮುಂದುವರಿಸುವುದು. ಕೆಲವು ವಾರಗಳಲ್ಲಿ ಬಣವಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಚೆನ್ನಾಗಿ ಒಣಗಿದ ಬಣವಿಗೆ ಈ ಭಯವಿಲ್ಲವಾದರೂ ಗಾಳಿಯಲ್ಲಿ ತೇಲಿಬಂದ ಕಿಡಿಯೊಂದೇ ಸಾಕು.

ಬೇಕೆಂದೇ ಬೆಂಕಿಯಿಡುವವರು ಇಲ್ಲವೆಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 326ನೆಯ ಕಲಮಿನಂತೆ, ಬೆಂಕಿಯಿಂದ ಬೆಳೆಗೆ ಹಾನಿಮಾಡುವವನಿಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ಹಾನಿಮಾಡುವ ಉದ್ದೇಶ ಅಥವಾ ಅರಿವು ಅವನಿಗಿತ್ತೆಂಬುದು ಸಿದ್ಧವಾಗಬೇಕು. ಆದ್ದರಿಂದ ಹಗೆಯವನ ಹೆಸರು ಹೇಳುವ ಮುನ್ನ ಉರಿ ಹೊರಗಿನಿಂದ ಒಳಕ್ಕೆ ಹೋಯಿತೋ ಒಳಗಿನಿಂದ ಹೊರಕ್ಕೆ ಬಂದಿತೋ ಎಂಬುದನ್ನು ಪರೀಕ್ಷಿಸಬೇಕು. ಬಣವಿಯಿಂದ ಹುಳಿತ ವಾಸನೆಯೋ ಹಬೆಯೋ ಬಂದರೆ ಅದನ್ನು ಅವಸರದಿಂದ ಕೆದಕಬಾರದು. ಗಾಳಿ ನುಗ್ಗಿ ಜ್ವಾಲೆ ಏಳುವುದು. ಮೊದಲು ಅಗ್ನಿಶಾಮಕ ದಳವನ್ನು ಕರೆಯುವುದು ಲೇಸು. ಮಾತು ಕೈಯನ್ನು ಹುಡುಕುವುದು. ವಿಜ್ಞಾನವು ಕಾರಣವನ್ನು ಹುಡುಕುವುದು. ನಿರಪರಾಧಿಯೊಬ್ಬನ ಮಾನ ಈ ಅಂತರದಲ್ಲಿ ಉಳಿಯಬಹುದು.